ಹೋಲ್ಡಾನ್

ಜೂನ್ ೫, ಗುರುವಾರ

ತಿಂದದ್ದು: ಅರ್ಧ ತುಂಡು ಬ್ರೆಡ್ಡು, ಎರಡು ಗುಟುಕು ಹಾಲು. ನಿಂತದ್ದು: ಏನೂ ಇಲ್ಲ.

ದಿನಾ ಹೀಗೆ ಬರೆದಿಡಿ ಎಂದು ಆಸ್ಪತ್ರೆಯ ಪಥ್ಯದ ಮೇಡಂ ಹೇಳಿದ್ದಾರೆ. ಏನು ತಿಂದಿರಿ, ಅದರಲ್ಲಿ ಹೊಟ್ಟೆಯಲ್ಲಿ ಏನು ನಿಂತಿತು. ಸರಿ ಎಂದು ತಲೆಯಾಡಿಸಿ ಬಂದೆ. ಬರೆಯಲು ಕೂತರೆ ಒಂದೇ ಸಾಲಿಗೆ ಮುಗಿಯಿತು, ಪುಟವೆಲ್ಲ ಖಾಲಿ. ಮಾತಾಡೋಣವೆಂದರೆ ಮನೆಯಲ್ಲಿ ಇನ್ನೊಂದು ನರಪಿಳ್ಳೆಯಿಲ್ಲ. ಉಳಿದ ಜಾಗದಲ್ಲಿ ನನ್ನ ಗೋಳು ಬರೆದುಕೊಳ್ಳುತ್ತೇನೆ. ಮೇಡಂ ಕೇಳಿದರೆ ಮೊದಲ ಸಾಲು ಮಾತ್ರ ಓದಿ ಹೇಳಿದರಾಯಿತು.

ಮೊನ್ನೆ ಮೂರನೇ ಸಲದ ಔಷಧಿ ಹಾಕಿದರು. ಕೈಗೆ ಸೂಜಿ ಚುಚ್ಚಿ, ಬಾಟಲಿ ನೇತುಹಾಕಿ, ಮಧ್ಯಾಹ್ನದವರೆಗೆ ಹನಿ ಹನಿಯಾಗಿ. ಹೊಟ್ಟೆಯೊಳಗಿನ ಗಂಟನ್ನು ಕರಗಿಸುತ್ತದಂತೆ. ಗಂಟು ಕರಗುತ್ತಿದೆಯೋ ಇಲ್ಲವೋ, ನಾನಂತೂ ಕರಗುತ್ತಿದ್ದೇನೆ. ಒಟ್ಟು ಆರು ಸಲ ಹಾಕಬೇಕು. ಅಂದರೆ ಇನ್ನೂ ಅರ್ಧ ದಾರಿ ಇದೆ.

ಉಳಿದವರಿಗೆಲ್ಲ ವಾಂತಿ ತಡೆಯಲು ಮಾತ್ರೆ ಕೊಡುತ್ತಾರೆ. ನನಗೂ ಕೊಟ್ಟಿದ್ದರು, ನುಂಗಿದ ಕೂಡಲೇ ಎದೆಬಡಿತ ತಾಳ ತಪ್ಪಿತು. ಬೇರೆ ಜಾತಿಯ ಮಾತ್ರೆ ಕೊಟ್ಟರು, ಅದೂ ಅದೇ ಕತೆ. ಡಾಕ್ಟರು ಕನ್ನಡಕ ತೆಗೆದಿಟ್ಟು, "ಇವು ನಿಮಗೆ ಆಗಿಬರಲ್ಲ. ಮಾತ್ರೆ ಇಲ್ದೇನೇ ಹೇಗಾದ್ರೂ ಸಂಭಾಳಿಸ್ಬೇಕು. ತೂಕ ಹೀಗೇ ಇಳೀತಾ ಹೋದ್ರೆ ಚಿಕಿತ್ಸೆ ನಿಲ್ಲಿಸ್ಬೇಕಾಗುತ್ತೆ. ನಿಲ್ಲಿಸಿದ್ರೆ ಗಂಟು ಮತ್ತೆ ಬೆಳೆಯುತ್ತೆ" ಎಂದರು. ಸಂಭಾಳಿಸಬೇಕಂತೆ. ಹೇಳುವುದಕ್ಕೇನು, ಸುಲಭ.

ಜೂನ್ ೭, ಶನಿವಾರ

ತಿಂದದ್ದು: ಮೊಸರು. ನಿಂತದ್ದು: ಮೊಸರು, ಸ್ವಲ್ಪ ಹೊತ್ತು.

ನೆನೆಸಿಕೊಂಡರೆ ನಗು ಬರುತ್ತದೆ. ಬೆಟ್ಟದ ದಾರಿಯ ಬಸ್ಸಿನಲ್ಲಿ ಕಂಡಕ್ಟರಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ವಾಂತಿಯ ವಿಷಯದಲ್ಲಿ ನನಗೆ ಪಾಠ ಹೇಳುವವರು ಯಾರಿದ್ದಾರೆ? ಹತ್ತುವಾಗ ಮುಖ ನೋಡಿದರೆ ಸಾಕು, ಈಯಮ್ಮ ಮೂರನೇ ತಿರುವಿಗೆ, ಈ ಮಹಾಶಯ ಮೇಲೆ ಮುಟ್ಟಿದ ಮೇಲೆ ಎಂದು ಗೊತ್ತಾಗುತ್ತಿತ್ತು. ಟಿಕೆಟ್ ಚೀಲದಲ್ಲಿ ಯಾವಾಗಲೂ ಒಂದೆರಡು ನಿಂಬೆಹಣ್ಣು ಇರುತ್ತಿದ್ದವು. "ಮೂಸ್ತಾ ಇರಿ. ಮುಂದಿನ ಸೀಟಿಗೆ ಬನ್ನಿ. ಮೊಬೈಲ್ ಒಳಗಿಡಿ, ದೂರ ನೋಡಿ, ದೂರ!" ಎಂದು ಬಸ್ಸು ನಡುಗುವ ಹಾಗೆ ಕೂಗುತ್ತಿದ್ದೆ.

ಈಗ ನಾನೇ ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡು ಬಿದ್ದಿದ್ದೇನೆ. ಮೂಸಿದರೆ ಸ್ವಲ್ಪ ಹಾಯೆನಿಸುವುದು ನಿಜ. ದೂರ ನೋಡೋಣವೆಂದರೆ ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೊಂದು ಪೈಪು. ಪೈಪಿಗಿಂತ ದೂರ ನೋಡುವ ಭಾಗ್ಯ ಈ ಕೋಣೆಗಿಲ್ಲ.

ಮಲಗಿಕೊಂಡು ಬ್ರೇಕಣ್ಣನನ್ನು ನೆನೆಸಿಕೊಂಡೆ. ನನ್ನ ಬಸ್ಸಿನ ಡ್ರೈವರು. ಇರುವೆ ಅಡ್ಡ ಬಂದರೂ ಬ್ರೇಕು ಒತ್ತುತ್ತಿದ್ದ, ಅದಕ್ಕೇ ಆ ಹೆಸರು. ಹೋದ ವರ್ಷ ನಿವೃತ್ತನಾದ. ಅಷ್ಟು ವರ್ಷ ಒಟ್ಟಿಗೆ ದುಡಿದೆವು, ಆದರೆ ಅವನ ಬೆನ್ನು ಮತ್ತು ಕನ್ನಡಿಯಲ್ಲಿ ಎರಡು ಕಣ್ಣು ಬಿಟ್ಟರೆ ನಾನು ಕಂಡದ್ದು ಕಡಿಮೆ. ನಮ್ಮಿಬ್ಬರ ನಡುವೆ ಎರಡೇ ಮಾತು. ನಾನು "ರೈಟ್" ಅಂದರೆ ಬಿಡುತ್ತಿದ್ದ, "ಹೋಲ್ಡಾನ್" ಅಂದರೆ ನಿಲ್ಲಿಸುತ್ತಿದ್ದ. ಯಾಕೆ ಎಂದು ಒಂದು ದಿನವೂ ಕೇಳಿದವನಲ್ಲ. ಅವನಿಗೂ ಕಾಯಿಲೆಯ ಸುದ್ದಿ ತಿಳಿಸಿಲ್ಲ. ಡಿಪೋದಲ್ಲಿ ಮಂಡಿನೋವು ಎಂದು ಹೇಳಿ ರಜೆ ಹಾಕಿದ್ದೇನೆ.

ಜೂನ್ ೯, ಸೋಮವಾರ

ತಿಂದದ್ದು ಬರೆಯುವುದೇ ಬೇಡ.

ನಾನಿರುವುದು ಬೇಕರಿಯ ಮೇಲಿನ ಒಂಟಿ ಕೋಣೆಯಲ್ಲಿ. ಬೆಳಿಗ್ಗೆ ಏಳುವಾಗ ಬಿಸಿ ಬ್ರೆಡ್ಡಿನ ಘಮ ಬರುತ್ತದೆಂದು ಆಸೆಪಟ್ಟು ಹಿಡಿದ ಮನೆ. ಈಗ ಅದೇ ಬೆಣ್ಣೆ ಕಾದ ವಾಸನೆ ಮೆಟ್ಟಿಲು ಹತ್ತಿ ಬಂದರೆ ಕರುಳು ಬಾಯಿಗೆ ಬರುತ್ತದೆ. ಇವತ್ತು ತಡೆಯಲಾಗದೆ ಮೆಟ್ಟಿಲ ಮೇಲೆ ನಿಂತು ಕೂಗಿದೆ.

"ಆ ಒಲೆ ಸ್ವಲ್ಪ ಹೊತ್ತು ಆರ್ಸೋಕಾಗಲ್ವಾ?"

"ಒಲೆ ಆರ್ಸಿ ಬೇಕರೀಲಿ ಭಜನೆ ಮಾಡ್ಲಾ?" ಎಂದು ಕೆಳಗಿನಿಂದ ಬೇಕರಿಯಮ್ಮ ಕೂಗಿದಳು. ಅವಳೇ ನನ್ನ ಮನೆ ಒಡತಿ, ಬಾಯಿ ಜೋರು. ಜಗಳಕ್ಕೆಂದೇ ಸೆರಗು ಸಿಕ್ಕಿಸಿಕೊಂಡು ಮೇಲೆ ಹತ್ತಿ ಬಂದವಳು ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ಮಂಡಿನೋವು ಅಂದಿದ್ರಿ. ಮಂಡಿನೋವಿಗೆ ಯಾರಾದ್ರೂ ವಾಂತಿ ಮಾಡ್ಕೋತಾರಾ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ, ಹೇಳಿದೆ. ಅವಳು ಸರ್ರನೆ ತಿರುಗಿ ಇಳಿದು ಹೋದಳು. ಮುಗಿಯಿತು, ಮನೆ ಖಾಲಿ ಮಾಡಿಸುತ್ತಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಡಬ್ಬಿ ತುಂಬ ಒಣ ಟೋಸ್ಟು ತಂದು ತಲೆದಿಂಬಿನ ಪಕ್ಕ ಇಟ್ಟಳು.

"ಬೆಳಿಗ್ಗೆ ತಲೆ ಎತ್ತೋಕ್ಕೆ ಮುಂಚೆ ಒಂದು ಕಚ್ಚಿ. ಎದ್ದು ತಿಂದ್ರೆ ಉಪಯೋಗ ಇಲ್ಲ, ಮಲ್ಕೊಂಡೇ ತಿನ್ಬೇಕು. ಮಗಳು ಹೊಟ್ಟೇಲಿದ್ದಾಗ ನಾನು ಹಂಗೇ ಬದುಕಿದ್ದು."

"ನಾನೇನು ಬಸುರಿಯಾ?"

"ಹೊಟ್ಟೆಗೆ ಅದೆಲ್ಲ ಗೊತ್ತಾಗುತ್ತಾ? ಸುಮ್ನೆ ತಿನ್ನಿ."

ಜೂನ್ ೧೨, ಗುರುವಾರ

ತಿಂದದ್ದು: ಟೋಸ್ಟು, ತಣ್ಣಗಿನ ಮೊಸರನ್ನ, ಮತ್ತೆ ಟೋಸ್ಟು. ನಿಂತದ್ದು: ಹೆಚ್ಚುಕಡಿಮೆ ಎಲ್ಲ.

ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೆ ಬಸುರಿಯ ಉಪಾಯ ಕೆಲಸ ಮಾಡಿತು. ಹಾಸಿಗೆಯೆಲ್ಲ ಟೋಸ್ಟಿನ ಪುಡಿ, ಇರುವೆಗಳಿಗೆ ಸಂಭ್ರಮ. ಬಿಸಿ ಊಟ ಬಿಟ್ಟಿದ್ದೇನೆ, ತಣ್ಣಗಾದದ್ದಕ್ಕೆ ವಾಸನೆ ಕಡಿಮೆ. ಒಂದೇ ಸಲ ತಟ್ಟೆ ತುಂಬ ಬಡಿಸಿಕೊಳ್ಳುವುದನ್ನೂ ಬಿಟ್ಟೆ. ಆಗಾಗ ನಾಲ್ಕು ತುತ್ತು, ಅಷ್ಟೇ. ಸ್ಟೀಲು ಚಮಚ ಬಾಯಿಗಿಟ್ಟರೆ ಚಿಲ್ಲರೆ ಕಾಸು ನೆಕ್ಕಿದ ಹಾಗಾಗುತ್ತಿತ್ತು. ಕೈ ತುಂಬಿದಾಗ ನಾಣ್ಯ ಹಲ್ಲಲ್ಲಿ ಕಚ್ಚಿಕೊಂಡು ಟಿಕೆಟ್ ಹರಿದವನಿಗೆ ಆ ರುಚಿ ಹೊಸದಲ್ಲ, ಆದರೂ ಈಗ ಸಹಿಸಲಾಗುವುದಿಲ್ಲ. ಮರದ ಚಮಚ ತಂದುಕೊಂಡೆ.

ಇವತ್ತು ಬ್ರೆಡ್ಡಿನ ವಾಸನೆ ಬರಲೇ ಇಲ್ಲ. ಒಲೆ ಹಚ್ಚಲಿಲ್ಲವೇನೋ ಎಂದು ಕೆಳಗಿಳಿದು ಇಣುಕಿದೆ. ಬೇಕರಿಯಮ್ಮ ಹಿಂದಿನ ಕಿಟಕಿ ಮುಚ್ಚಿ, ಹೊಗೆಯೆಲ್ಲ ಬೀದಿಯ ಕಡೆಗೆ ಹೋಗುವ ಹಾಗೆ ಮಾಡಿದ್ದಾಳೆ. ಒಳಗೆ ಬೆವರು ಸುರಿಸಿಕೊಂಡು ಹಿಟ್ಟು ನಾದುತ್ತಿದ್ದಳು. ನನಗೆ ಹೇಳಲೂ ಇಲ್ಲ. ನಾನು ಮೇಲೆ ಬಂದು ಮಲಗಿದೆ.

ಜೂನ್ ೨೪, ಮಂಗಳವಾರ

ನಾಲ್ಕನೇ ಸಲ ಆಯಿತು.

ಔಷಧಿ ಹಾಕುವ ದೊಡ್ಡ ಕೋಣೆಯಲ್ಲಿ ಸಾಲಾಗಿ ಒರಗು ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಂದು ಸ್ಟೂಲು. ಸ್ಟೂಲಿನ ಮೇಲೆ ಒಬ್ಬರ ಹೆಂಡತಿ, ಒಬ್ಬರ ಮಗ, ಒಬ್ಬರ ಅಕ್ಕ. ನನ್ನ ಸ್ಟೂಲಿನ ಮೇಲೆ ನಾನು ಚೀಲ ಇಡುತ್ತೇನೆ. ಬಸ್ಸಿನಲ್ಲಿ ಟವಲು ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಯಾರೋ ಬರುವವರಿದ್ದಾರೆ ಎಂದು ನೋಡಿದವರು ತಿಳಿದುಕೊಳ್ಳಲಿ.

ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಹೊಟ್ಟೆ ತೊಳಸಲು ಶುರುವಾಯಿತು. ಬಾಯಲ್ಲಿ ನೀರು, ಕಿವಿಯಲ್ಲಿ ಗುಂಯ್. ಅಯ್ಯೋ, ಇದನ್ನು ನಿಲ್ಲಿಸಿದರೆ ಸಾಕು ಎನಿಸಿತು. ಮಾತು ಹೊರಡಲಿಲ್ಲ. ಹೊರಟದ್ದು ಅಭ್ಯಾಸದ ಮಾತು.

"ಹೋಲ್ಡಾನ್... ಹೋಲ್ಡಾನ್..."

ಗಡಿಬಿಡಿ ಸಿಸ್ಟರ್ ಓಡಿ ಬಂದಳು. ಯಾವಾಗಲೂ ಓಡುತ್ತಲೇ ಇರುವ ಹುಡುಗಿ, ಅದಕ್ಕೆ ಮನಸ್ಸಿನಲ್ಲೇ ಇಟ್ಟ ಹೆಸರು. ಬಾಟಲಿ ನಿಲ್ಲಿಸುತ್ತಾಳೆ ಎಂದುಕೊಂಡರೆ, ಚೀಲ ಕೆಳಗಿಟ್ಟು, ಸ್ಟೂಲಿನ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಳು!

"ಹಿಡ್ಕೊಂಡೆ ಅಂಕಲ್, ಹಿಡ್ಕೊಂಡೆ. ಬಿಡಲ್ಲ."

ಹೋಲ್ಡಾನ್ ಅಂದರೆ ಹಿಡಿದುಕೋ ಎಂದು ತಿಳಿದಿದ್ದಾಳೆ, ಪುಣ್ಯಾತ್ಗಿತ್ತಿ! ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಹೆಬ್ಬೆರಳು ನನ್ನ ಮಣಿಕಟ್ಟಿನ ಸ್ವಲ್ಪ ಕೆಳಗೆ, ಎರಡು ನರಗಳ ನಡುವೆ, ಗಟ್ಟಿಯಾಗಿ ಒತ್ತಿ ಕೂತಿತ್ತು. "ಮೂಗಿಂದ ಉಸಿರು ತಗೊಳ್ಳಿ. ಬಾಯಿಂದ ನಿಧಾನ ಬಿಡಿ. ಹಾಂ, ಹಾಗೆ." ಗಂಟಲವರೆಗೆ ಬಂದದ್ದು ಅಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು.

"ನೀವು ಬಸ್ಸಲ್ಲಿ ಓಡಾಡಲ್ವಾ?" ಎಂದು ಕೇಳಿದೆ.

"ಇಲ್ಲ ಅಂಕಲ್, ಸ್ಕೂಟರು. ಯಾಕೆ?"

"ಏನಿಲ್ಲ."

ಬಾಟಲಿ ಮುಗಿಯುವ ಮುಂಚೆ ಇನ್ನೊಂದು ಸಲ ಹೋಲ್ಡಾನ್ ಅಂದೆ. ಅವಳು ಇನ್ನೊಂದು ಸಲ ಓಡಿ ಬಂದಳು. ಎರಡನೇ ಸಲ ನಿಲ್ಲಿಸು ಅಂತಲೇ ಅಂದೆನೋ ಏನೋ, ಗೊತ್ತಿಲ್ಲ. ಹೊರಡುವಾಗ ಆ ಜಾಗಕ್ಕೆ ಪೆನ್ನಿನಿಂದ ಚುಕ್ಕೆ ಇಟ್ಟು, "ಮನೇಲಿ ನೀವೇ ಒತ್ಕೊಳ್ಳಿ" ಎಂದಳು.

ಜೂನ್ ೨೬, ಗುರುವಾರ

ತಿಂದದ್ದು: ಟೋಸ್ಟು. ನಿಂತದ್ದು: ಇಲ್ಲ.

ಚುಕ್ಕೆಯ ಮೇಲೆ ಒತ್ತಿಕೊಂಡೆ. ಜಾಗ ಸರಿ ಇದೆ, ಒತ್ತುವುದೂ ಸರಿ ಇದೆ. ಅಷ್ಟಿಷ್ಟು ತಗ್ಗುತ್ತದೆ. ಆದರೆ ನನ್ನ ಕೈಯನ್ನು ನಾನೇ ಹಿಡಿದುಕೊಂಡು ಗೋಡೆಯ ಪೈಪು ನೋಡುತ್ತಾ ಕೂತಾಗ ಅಳು ಬಂತು. ಚೆನ್ನಾಗಿ ಅತ್ತೆ. ಕೇಳುವವರು ಯಾರು?

ಜೂನ್ ೨೮, ಶನಿವಾರ

ಸಾಕು. ಇನ್ನೆರಡು ಸಲ ನನ್ನಿಂದ ಆಗದು. ಡಾಕ್ಟರಿಗೆ ಹೇಳಿಬಿಡುತ್ತೇನೆ. ಅಥವಾ ಹೇಳುವ ಗೊಡವೆಯೂ ಬೇಡ, ತೂಕ ತಾನಾಗಿ ಇಳಿದರೆ ಅವರೇ ನಿಲ್ಲಿಸುತ್ತಾರೆ. ಗಂಟು ಬೆಳೆದರೆ ಬೆಳೆಯಲಿ. ನಾನಿದ್ದು ಯಾರಿಗೇನು ಆಗಬೇಕಾಗಿದೆ?

ಡಬ್ಬಿಯ ಮುಚ್ಚಳ ಹಾಕಿ ಮೂಲೆಗೆ ತಳ್ಳಿದೆ.

ಜುಲೈ ೧, ಮಂಗಳವಾರ

ಬೇಕರಿಯಮ್ಮನ ಬಾಯಿಗೆ ಬೀಗ ಹಾಕುವವರಿಲ್ಲ. ಬ್ರೆಡ್ಡು ಕೊಳ್ಳಲು ಬಂದ ಬ್ರೇಕಣ್ಣ, ನಮ್ಮ ಕಂಡಕ್ಟರು ಹೇಗಿದ್ದಾನೆ ಎಂದು ಕೇಳಿದನಂತೆ. ಇವಳು ಎಲ್ಲ ಒದರಿದ್ದಾಳೆ. ಬ್ರೆಡ್ಡು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಬಂದ.

ಬಂದವನು ಮಂಚದ ಎದುರಿಗೆ ಕೂತು ನನ್ನನ್ನು ನೋಡಿದ. ನಾನೂ ನೋಡಿದೆ. ಅವನ ಗಲ್ಲದ ಮೇಲೆ ಒಂದು ದೊಡ್ಡ ಮಚ್ಚೆ ಇದೆ. ಇಷ್ಟು ವರ್ಷ ಗಮನಿಸಿರಲೇ ಇಲ್ಲ.

"ಯಾಕೋ ವಿಸಿಲ್, ಒಂದು ಮಾತು ಹೇಳ್ಬಾರ್ದಾ?" ಬಸ್ಸಿನಲ್ಲಿ ನನಗೆ ಅದೇ ಹೆಸರು.

"ಹೇಳಿ ಏನ್ ಮಾಡ್ಬೇಕಿತ್ತು ಅಣ್ಣಾ?"

"ಏನಿಲ್ಲ, ನಿಂಬೆಹಣ್ಣಾದ್ರೂ ತರ್ತಿದ್ದೆ."

ಆಮೇಲೆ ಇಬ್ಬರಿಗೂ ಮಾತು ಮುಗಿಯಿತು. ಅವನಿಗೆ ಮೊದಲಿನಿಂದಲೂ ಮಾತು ಬಾರದು. ಆದರೆ ಎದ್ದೂ ಹೋಗಲಿಲ್ಲ. ಮೂಲೆಯಲ್ಲಿದ್ದ ಡಬ್ಬಿ ತೆಗೆದು ತಾನೊಂದು ಟೋಸ್ಟು ಕಟುಂ ಕಟುಂ ಎಂದು ಕಡಿಯುತ್ತಾ, ನನ್ನ ಕೈಗೂ ಒಂದು ಕೊಟ್ಟ. ಮಾತಿನ ಗ್ಯಾನದಲ್ಲಿ ತಿಂದುಬಿಟ್ಟೆ. ಮಾತೇ ಇರಲಿಲ್ಲ, ಯಾವ ಗ್ಯಾನವೋ.

ಆಮೇಲೆ ಕಿಟಕಿಯ ಗೋಡೆ ನೋಡಿ, "ಥೂ, ಇದೇನ್ ಸೀಟು ಹಿಡ್ದಿದೀಯ!" ಎಂದು ನನ್ನನ್ನು ತಾರಸಿಗೆ ಹತ್ತಿಸಿದ. ಕುರ್ಚಿಯನ್ನೂ ಹೊತ್ತು ತಂದ. ಅಲ್ಲಿಂದ ಊರಾಚೆಯ ಬೆಟ್ಟ ಕಾಣುತ್ತದೆ. ಅದರ ಮೈಮೇಲೆ ನಮ್ಮ ದಾರಿ ಗೆರೆ ಎಳೆದಂತೆ ಇದೆ. ಕತ್ತಲಾಗುವವರೆಗೆ ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಹೊಟ್ಟೆ ಸುಮ್ಮನಿತ್ತು.

ಜುಲೈ ೮, ಮಂಗಳವಾರ

ತಿಂದದ್ದು: ಟೋಸ್ಟು, ಬಾಳೆಹಣ್ಣು, ಮೊಸರನ್ನ. ನಿಂತದ್ದು: ಬಾಳೆಹಣ್ಣು ಬಿಟ್ಟು ಎಲ್ಲ.

ತಪಾಸಣೆಯ ದಿನ. ಬ್ರೇಕಣ್ಣ ಅಳಿಯನ ಕಾರು ತಂದ. ನಾನು ಅಭ್ಯಾಸದಂತೆ ಹಿಂದೆ ಹತ್ತಿದೆ. ಬೀದಿ ದಾಟುವಷ್ಟರಲ್ಲಿ ಮುಖ ಹಿಂಡಿತು. ಅವನು ಕನ್ನಡಿಯಲ್ಲಿ ನೋಡಿ, "ಮುಂದೆ ಬನ್ನಿ ಸಾರ್, ಮೊಬೈಲ್ ಒಳಗಿಡಿ, ದೂರ ನೋಡಿ, ದೂರ!" ಎಂದು ನನ್ನದೇ ಧಾಟಿಯಲ್ಲಿ ಕೂಗಿದ. ನಗುತ್ತಲೇ ಮುಂದೆ ಹೋಗಿ ಕೂತೆ.

ಕಂಡಕ್ಟರ್ ಯಾವಾಗಲೂ ಜನರ ಕಡೆಗೆ ಮುಖ ಮಾಡಿ ನಿಲ್ಲುವವನು. ದಾರಿ ಮುಂದಿನಿಂದ ಬರುವುದನ್ನು ನಾನು ಕೂತು ನೋಡಿದ್ದು ಇವತ್ತೇ. ಚೆನ್ನಾಗಿರುತ್ತದೆ. ಆದರೂ ದೊಡ್ಡ ವೃತ್ತದ ನಡುವೆ ಹೊಟ್ಟೆ ಒಮ್ಮೆ ಮೇಲೆದ್ದಿತು, ಬಾಯಿಂದ "ಹೋಲ್ಡಾನ್" ಹಾರಿತು. ಬ್ರೇಕು ಎಷ್ಟು ಬೇಗ ಒತ್ತಿದನೆಂದರೆ ಕಾರು ನೆಟ್ಟಗೆ ನಡುವೃತ್ತದಲ್ಲಿ ನಿಂತಿತು. ಹಿಂದೆ ಹಾರನ್ನುಗಳ ಜಾತ್ರೆ. ಅವನಿಗೆ ಕೇಳಿಸಲೇ ಇಲ್ಲ. ಕೈ ಗೇರಿನ ಮೇಲಿಟ್ಟು ನನ್ನ "ರೈಟ್"ಗೆ ಕಾಯುತ್ತಿದ್ದ, ಬ್ರಹ್ಮ ಬಂದರೂ ಕದಲುವವನಲ್ಲ.

ಡಾಕ್ಟರು ತೂಕ ನೋಡಿ ತುಟಿ ಕಚ್ಚಿದರು. "ಅಂಚಿನಲ್ಲಿದೆ. ಮುಂದಿನ ವಾರ ಇಷ್ಟೇ ಇದ್ರೆ ಐದನೇದು ಹಾಕ್ತೀವಿ, ಇನ್ನೊಂಚೂರು ಇಳಿದ್ರೂ ಇಲ್ಲ. ನಿಮಗೇ ಸಾಕು ಅನ್ಸಿದ್ರೆ ಅದನ್ನೂ ಹೇಳ್ಬಹುದು." ಹೇಳಬೇಕೆಂದೇ ಹೋಗಿದ್ದೆ. ಬ್ರೇಕಣ್ಣ ಹೊರಗೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ. ಅವನಿಲ್ಲದಾಗ ಹೇಳುವುದು ಸರಿಯಲ್ಲ ಎನಿಸಿ, ಮುಂದಿನ ವಾರ ಹೇಳುತ್ತೇನೆ ಎಂದು ಬಂದೆ.

ಜುಲೈ ೧೨, ಶನಿವಾರ

ಎರಡು ಲೋಟ ತೊಳೆದಿಟ್ಟು ತಾರಸಿಯಲ್ಲಿ ಕೂತಿದ್ದೆ. ಬ್ರೇಕಣ್ಣನ ಮನೆಗೆ ನೆಂಟರು ಬಂದಿದ್ದಾರಂತೆ, ಫೋನು ಮಾಡಿದ. ಪರವಾಗಿಲ್ಲ ಎಂದೆ. ಬೆಟ್ಟ ಇವತ್ತು ಮಂಕಾಗಿತ್ತು. ಲೋಟ ಒಳಗಿಟ್ಟೆ.

ಜುಲೈ ೧೫, ಮಂಗಳವಾರ

ತೂಕ ಇಳಿದಿರಲಿಲ್ಲ. ಏರಿರಲೂ ಇಲ್ಲ. ಡಾಕ್ಟರು, "ಏನ್ ಮಾಡೋಣ?" ಎಂದು ನನ್ನನ್ನೇ ನೋಡಿದರು. ಬ್ರೇಕಣ್ಣ ಪಕ್ಕದಲ್ಲೇ ಇದ್ದ, ಆದರೂ ಬಾಯಿ ಬರಲಿಲ್ಲ. ನನ್ನ ಮೌನವನ್ನೇ ಒಪ್ಪಿಗೆ ಎಂದುಕೊಂಡು ಕುರ್ಚಿಗೆ ಕಳಿಸಿದರು.

ಅಭ್ಯಾಸಬಲ, ಸ್ಟೂಲಿನ ಮೇಲೆ ಚೀಲ ಇಟ್ಟೆ. ಬ್ರೇಕಣ್ಣ ನಿಂತೇ ಇದ್ದ.

"ಯಾರಿಗೋ ಹಿಡ್ದಿಟ್ಟಂಗಿದೆ ಸೀಟು?"

"ನಿಂಗೇ. ಕೂತ್ಕೋ" ಎಂದು ಚೀಲ ತೆಗೆದೆ.

ಗಡಿಬಿಡಿ ಸಿಸ್ಟರ್ ರಜೆಯಲ್ಲಿದ್ದಾಳೆ. ಹೊಸ ಸಿಸ್ಟರ್ ಸೂಜಿ ಹಾಕಿ, ಬಾಟಲಿ ಬಿಟ್ಟು ಹೋದಳು. ನಿಂಬೆಹಣ್ಣು ಮೂಸಿದೆ. ಉಸಿರು ಎಳೆದು ಬಿಟ್ಟೆ. ದೂರದ ಕಿಟಕಿ ನೋಡಿದೆ. ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಬಂತು ನೋಡು, ಕಿಬ್ಬೊಟ್ಟೆಯಿಂದ ಎದ್ದು, ಕಣ್ಣು ಕತ್ತಲೆ ಬರುವ ಹಾಗೆ.

"ಹೋಲ್ಡಾನ್" ಎಂದೆ.

ಬ್ರೇಕಣ್ಣ ಚಂಗನೆ ಎದ್ದು ನಿಂತ. ಜನ್ಮದಲ್ಲಿ ಅವನು ಅಷ್ಟು ಜೋರಾಗಿ ಕೂಗಿದ್ದು ನಾನು ಕೇಳಿರಲಿಲ್ಲ. "ಸಿಸ್ಟರ್! ನಿಲ್ಸಿ! ನಿಲ್ಸಿ ಅದನ್ನ! ಅವನು ಹೋಲ್ಡಾನ್ ಅಂದ!" ಹೊಸ ಸಿಸ್ಟರ್ ಹೆದರಿ ಓಡಿ ಬಂದು ನಳಿಕೆಯ ಚಕ್ರ ತಿರುಗಿಸಿದಳು. ಹನಿ ನಿಂತಿತು. ಸಾಲಿನವರೆಲ್ಲ ನಮ್ಮ ಕಡೆ ತಿರುಗಿದರು.

"ಬೇಡ್ವಂತಾ? ಬಿಚ್ಚಿಬಿಡ್ಲಾ? ಡಾಕ್ಟರಿಗೆ ಹೇಳ್ತೀನಿ" ಎಂದಳು.

"ಹೂಂ. ಅವನು ನಿಲ್ಸು ಅಂದ್ಮೇಲೆ ನಿಲ್ಸೋದೇ" ಎಂದ ಬ್ರೇಕಣ್ಣ. ಅವನ ಗಲ್ಲದ ಮಚ್ಚೆ ನಡುಗುತ್ತಿತ್ತು. ಕಣ್ಣಲ್ಲಿ ನೀರು. ನಾನು ಸಾಯುವುದಕ್ಕೆ ಒಪ್ಪಿದ್ದೇನೆ ಎಂದುಕೊಂಡಿದ್ದಾನೆ, ಆದರೂ ನನ್ನ ಮಾತಿಗೆ ಬ್ರೇಕು ಒತ್ತಿ ನಿಂತಿದ್ದಾನೆ. ಯಾಕೆ ಎಂದು ಇವತ್ತೂ ಕೇಳಲಿಲ್ಲ.

ಎಷ್ಟು ದಿನದಿಂದ ಬೇಕಾಗಿದ್ದದ್ದು ಅದೇ. ನಾನು ಹೇಳಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲಾಗಲಿಲ್ಲ. ಹೊಟ್ಟೆ ಇನ್ನೂ ಮೇಲೆ ಕೆಳಗೆ ಆಗುತ್ತಲೇ ಇತ್ತು, ಹಲ್ಲು ಕಚ್ಚಿಕೊಂಡೇ ಹೇಳಿದೆ.

"ಅಣ್ಣಾ, ಅದಲ್ಲ. ಇಲ್ಲಿ ಹೋಲ್ಡಾನ್ ಅಂದ್ರೆ ನಿಲ್ಸು ಅಂತ ಅಲ್ಲ."

"ಮತ್ತೆ?"

"ಕೈ ಹಿಡ್ಕೋ ಅಂತ."

ಅವನು ನನ್ನ ಮುಖ ನೋಡಿದ. ಕೂತುಕೊಂಡ. ಗೇರು ಹಿಡಿದು ಹಿಡಿದು ಮರದ ಹಾಗಾದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನ ಕೈ ಹಿಡಿದ. ಎಲ್ಲಿ ಒತ್ತಬೇಕೆಂದು ತೋರಿಸಿದೆ. ಮೂಳೆ ಮುರಿಯುವ ಹಾಗೆ ಒತ್ತಿದ.

"ಮೆಲ್ಲಗೆ ಮಾರಾಯ, ಹ್ಯಾಂಡ್ ಬ್ರೇಕ್ ಅಲ್ಲ ಅದು."

ಇಬ್ಬರೂ ನಕ್ಕೆವು. ನಗುತ್ತಾ ಅವನು ಮೂಗು ಒರೆಸಿಕೊಂಡ. ಹೊಟ್ಟೆಯ ಅಲೆ ಒಂದು ಸಲ ಎದ್ದು, ಇನ್ನೊಂದು ಸಲ ಎದ್ದು, ತಗ್ಗಿತು. ಹೊಸ ಸಿಸ್ಟರ್ ಚಕ್ರದ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದಳು.

"ಏನ್ ಮಾಡ್ಲಿ ಈಗ? ಶುರು ಮಾಡ್ಲಾ, ಬೇಡ್ವಾ?"

ಬ್ರೇಕಣ್ಣ ಕನ್ನಡಿಯಲ್ಲಿ ನೋಡುತ್ತಿದ್ದನಲ್ಲ, ಅದೇ ಕಣ್ಣಿನಿಂದ ನನ್ನ ಕಡೆ ನೋಡುತ್ತಾ ಕಾದ.

"ರೈಟ್" ಎಂದೆ.

ಜುಲೈ ೧೬, ಬುಧವಾರ

ನಿನ್ನೆ ರಾತ್ರಿ ಮನೆಗೆ ಹೋಗು ಎಂದು ಹೇಳಿದರೂ ಬ್ರೇಕಣ್ಣ ಕೇಳಲಿಲ್ಲ. ನೆಲದ ಮೇಲೆ ಚಾಪೆ ಹಾಕಿಕೊಂಡ. ಬೆಳಿಗ್ಗೆ ನಾನು ಕಣ್ಣು ಬಿಟ್ಟು, ತಲೆ ಎತ್ತುವ ಮುಂಚೆಯೇ ಟೋಸ್ಟು ಬಾಯಿಗೆ ತುರುಕಿದ. ಕೆಳಗಿನಿಂದ ಬೇಕರಿಯಮ್ಮ, "ಇಬ್ಬರು ಬಸುರಿಯರೂ ಎದ್ರಾ?" ಎಂದು ಕೂಗಿದಳು. ನನಗಿಂತ ಮೊದಲು ಅವನೇ ಹೂಂ ಎಂದ.

ತಿಂದದ್ದು: ಎರಡು ಟೋಸ್ಟು.

ನಿಂತದ್ದು: ಎರಡೂ. ಬ್ರೇಕಣ್ಣನೂ.